ಆರನೇ ಮಹಡಿಯಲ್ಲಿ ನಿಂತ ಲಿಫ್ಟ್

ಫೆಬ್ರವರಿ 11

ಅಕ್ಕಾ,

ನಿನ್ನ ತಮ್ಮ ಬದುಕಿದ್ದಾನೆ, ಟ್ರೊಂಬೋನ್ ಊದುತ್ತಿದ್ದಾನೆ. ಇವೆರಡೂ ಒಂದೇ ಎಂದುಕೊಂಡು ಮನೆ ಬಿಟ್ಟವನಾದ್ದರಿಂದ ಬೇರೆ ಬೇರೆ ವರದಿ ಒಪ್ಪಿಸುವುದಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಬಾಡಿಗೆ ಮನೆಯ ಫೋನು ಹಾಡುಗಾರನ ಕಿವಿಗೇ ಅಂಟಿಕೊಂಡಿದೆ. ನಿನ್ನ ವರ್ಕ್‌ಶಾಪಿನ ಫೋನು ಅಪ್ಪನ ಮೊಣಕೈ ಪಕ್ಕದಲ್ಲೇ ಇದೆ.

ನಮ್ಮ ತಂಡಕ್ಕೆ ಕೊನೆಗೂ ಹೆಸರು ಸಿಕ್ಕಿತು: 'ದಯವಿಟ್ಟು ಸರತಿಯಲ್ಲಿ ನಿಲ್ಲಿ'. ಪೋಸ್ಟರ್ ಅಂಟಿಸಿದ ಮರುದಿನ ಹೋಗಿ ನೋಡಿದರೆ ಅದರ ಮುಂದೆ ನಾಲ್ಕು ಜನ ಸಾಲಾಗಿ ನಿಂತಿದ್ದರು. ಐದನೆಯವರು ಬಂದು, "ಇಲ್ಲಿ ಏನು ಕೊಡ್ತಾರೆ?" ಅಂತ ಕೇಳಿದರು. "ಗೊತ್ತಿಲ್ಲ, ಮೊದ್ಲು ನಿಂತ್ಕೊಳಿ" ಅಂದರು ಉಳಿದವರು. ನಮ್ಮ ಮೊದಲ ಅಭಿಮಾನಿಗಳು.

ನಮ್ಮದು ಸ್ಕಾ-ಪಂಕ್. ಸ್ಕಾ ಅಂದರೆ ತಾಳದ ಪೆಟ್ಟು ಬೀಳಬೇಕಾದ ಕಡೆ ಬೀಳದೆ, ಪಕ್ಕದ ಖಾಲಿ ಜಾಗದಲ್ಲಿ ಗಿಟಾರು 'ಚಕ್' ಅನ್ನುತ್ತದೆ. ಪಂಕ್ ಅಂದರೆ ಆ ಚಕ್ ಬರುವವರೆಗೂ ಕಾಯುವ ತಾಳ್ಮೆ ಯಾರಿಗೂ ಇಲ್ಲ. ಹಾಡುವವನಿಗೆ ಮೈಕಾಸುರ ಅಂತ ಹೆಸರಿಟ್ಟಿದ್ದೇವೆ. ಊದುವವರು ಮೂವರು. ಟ್ರಂಪೆಟ್ ಚಿಕ್ಕಮ್ಮನದು. ಯಾರಿಗೂ ಚಿಕ್ಕಮ್ಮನಲ್ಲ, ಎಲ್ಲರನ್ನೂ ಗದರಿಸುವುದರಿಂದ ಆ ಪದವಿ. ಸ್ಯಾಕ್ಸೊಫೋನು ಮೇಷ್ಟ್ರದು, ಶಾಲೆಯಲ್ಲಿ ಭೂಗೋಳ ಹೇಳುತ್ತಾರೆ. ಮೂರನೆಯವನು ನಾನು, ಉದ್ದನೆಯ ಹಿತ್ತಾಳೆ ಕೊಳವೆಯನ್ನು ಹಿಂದೆ ಮುಂದೆ ಜಾರಿಸಿ ಊದುವವನು.

ಮೊನ್ನೆ ನಲವತ್ತು ಜನರ ಮುಂದೆ 'ಲಿಫ್ಟ್ ಕೆಟ್ಟಿದೆ' ಎಂಬ ಹಾಡು ಬಾರಿಸಿದೆವು. ಅದರಲ್ಲಿ ನನ್ನ ಟ್ರೊಂಬೋನೇ ಲಿಫ್ಟು. ಒಂದೊಂದೇ ಸ್ವರ ಏರುತ್ತಾ ಹತ್ತು ಮಹಡಿ ಹತ್ತಬೇಕು. ಆರನೇ ಮಹಡಿಗೆ ಬಂದಾಗ ಸ್ವರ ಒಡೆದು, ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಎಮ್ಮೆಯ ಸದ್ದು ಬಂತು. ನಾನು ಬೆವತೆ. ಮೈಕಾಸುರ ಬಿಡುತ್ತಾನೆಯೇ? ಗಿಟಾರನ್ನು ಬಾಗಿಲು ಬಡಿದ ಹಾಗೆ ಬಡಿದು, "ಯಾರಾದ್ರೂ ಇದ್ದೀರಾ? ಲಿಫ್ಟ್ ನಿಂತೋಗಿದೆ!" ಅಂತ ಕೂಗಿದ. ನಲವತ್ತು ಜನ ಹೊಟ್ಟೆ ಹಿಡಿದುಕೊಂಡರು. ಬೇಕೆಂದೇ ಹಾಗೆ ಮಾಡಿದೆ ಎಂದು ತಂಡದವರಿಗೆ ಹೇಳಿದ್ದೇನೆ. ನೀನೂ ಉಸಿರೆತ್ತಬೇಡ.

ಎಲ್ಲೋ ಗಾಳಿ ಸೋರುತ್ತಿರಬೇಕು, ಅಲ್ಲವಾ? ಏನು ನೋಡಲಿ, ಬರಿ. ಇಲ್ಲಿ ಚಳಿ. ಬೆಳಗ್ಗೆ ತುಟಿ ಮರಗಟ್ಟಿದ ಹಾಗಿರುತ್ತದೆ, ಅಷ್ಟೆ.

ಇದು ನಗಿಸುವ ತಂಡ ಅಂತ ಅಪ್ಪನಿಗೆ ಹೇಳಬೇಡ.

ನಿನ್ನ ತಮ್ಮ


ಫೆಬ್ರವರಿ 20

ತಮ್ಮಾ,

ಎಮ್ಮೆಗೆ ನನ್ನ ನಮಸ್ಕಾರ.

ಕೊಳವೆಯಲ್ಲಿ ಕೂಡುವ ಉಸಿರಿನ ನೀರು ಬಿಡುವ ಕೀಲಿಯ ಕಾರ್ಕ್ ಸವೆದಿರುತ್ತದೆ. ಎರಡು ಹೊಸದು ಇಟ್ಟಿದ್ದೇನೆ. ಹಳೆಯದನ್ನು ಕೆರೆದು, ಅಂಟು ಹಾಕಿ, ರಾತ್ರಿಯಿಡೀ ದಾರ ಸುತ್ತಿಡು. ಆಮೇಲೆ ಪರೀಕ್ಷೆ ಮಾಡು. ಸ್ಲೈಡಿನ ಒಂದು ಬಾಯಿಯನ್ನು ಬೆರಳಿಂದ ಮುಚ್ಚಿ ಇನ್ನೊಂದರಿಂದ ಗಾಳಿ ಎಳೆದುಕೋ. ಕೊಳವೆ ನಾಲಿಗೆಗೆ ಕಚ್ಚಿಕೊಂಡು ನಿಂತರೆ ಸೋರಿಕೆ ಇಲ್ಲ. ನಿನ್ನ ನಾಲಿಗೆ ಒಂದು ಕಡೆ ನಿಂತರೆ, ಅದು ಲೋಕಕ್ಕೂ ಉಪಕಾರವೇ.

ಇಲ್ಲಿ ಮೂರು ಕಹಳೆ, ಒಂದು ಟ್ಯೂಬಾ ರಿಪೇರಿಗೆ ಬಂದಿವೆ. ಟ್ಯೂಬಾದ ಮೇಲೆ ಯಾರೋ ಕೂತಿದ್ದಾರೆ. ಹೇಗೆ ಅಂತ ಕೇಳಿದರೆ, "ನೋಡ್ದೆ ಕೂತ್ಬಿಟ್ಟೆ ಮೇಡಂ" ಅಂತಾರೆ. ಎಮ್ಮೆಕರುವಿನಷ್ಟು ದೊಡ್ಡ ಟ್ಯೂಬಾ ಕಾಣಿಸಲಿಲ್ಲವಂತೆ!

"ಅವನು ಏನು ಬಾರಿಸ್ತಾನೆ?" ಅಂತ ಅಪ್ಪ ಎರಡು ಸಲ ಕೇಳಿದರು. "ಗಂಭೀರವಾದದ್ದು" ಅಂದೆ. ಸುಳ್ಳು ನಿನ್ನದು, ಪಾಪ ನನ್ನದು. ಅಗ್ನಿಶಾಮಕ ದಳದ ಬ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಕಾರ್ನೆಟ್ ಎಂಬ ಪುಟ್ಟ ಕಹಳೆ ಹಿಡಿದು ನಿಂತ ಮನುಷ್ಯ. ನಗುವುದಕ್ಕೂ ಮೇಲಧಿಕಾರಿಯ ಅಪ್ಪಣೆ ಬೇಕು. ಆ ಕಾರ್ನೆಟ್ ಪೆಟ್ಟಿಗೆ ಇನ್ನೂ ಬೆಂಚಿನ ಕೊನೆಯಲ್ಲೇ ಇದೆ. ದಿನಾ ಧೂಳು ಒರೆಸುತ್ತಾರೆ, ತೆರೆಯುವುದಿಲ್ಲ.

ಅಕ್ಕ


ಮಾರ್ಚ್ 30

ಅಕ್ಕಾ,

ನಿನ್ನ ಕಾರ್ಕಿಗೆ ಜಯವಾಗಲಿ! ಪರೀಕ್ಷೆ ಮಾಡಿದೆ, ಹಳೇ ಕಾರ್ಕಿಗೂ ನಾಲಿಗೆ ಕಚ್ಚಿತು, ಹೊಸದಕ್ಕೂ ಕಚ್ಚಿತು. ಅಂದರೆ ಈಗ ಎಲ್ಲ ಸರಿಯಾಗಿದೆ.

ನಮ್ಮ ಕ್ಯಾಸೆಟ್ ಬಂದಿದೆ, ಇದರ ಜೊತೆ ಒಂದು ಕಳಿಸಿದ್ದೇನೆ. ರೇಡಿಯೋದವರು ದಿನಕ್ಕೆರಡು ಸಲ ಲಿಫ್ಟ್ ಹಾಕುತ್ತಾರೆ. ಶನಿವಾರ ಆರುನೂರು ಜನ ಬಂದಿದ್ದರು, ನಿಜವಾಗಿಯೂ ಸರತಿಯಲ್ಲಿ. ಆರನೇ ಮಹಡಿ ಬರುತ್ತಿದ್ದ ಹಾಗೆ ಎಲ್ಲರೂ ಆರು ಬೆರಳು ಎತ್ತಿ "ಆರು! ಆರು!" ಅಂತ ಕಿರುಚುತ್ತಾರೆ, ನಾನು ಎಮ್ಮೆ ಕೂಗಿಸುತ್ತೇನೆ, ಕಟ್ಟಡ ಕುಸಿಯುವ ಹಾಗೆ ನಗು. 'ಆರು' ಎಂದು ಅಚ್ಚಾದ ಟೀ-ಶರ್ಟ್ ಹಾಕಿಕೊಂಡು ಬರುತ್ತಾರೆ. ದಾರಿಯಲ್ಲಿ ಒಬ್ಬ ಮುದುಕರು ನಿಲ್ಲಿಸಿ, "ನೀವೇ ಅಲ್ವಾ ಸಿಕ್ಕಾಕ್ಕೊಂಡಿರೋರು?" ಅಂತ ಕೇಳಿದರು. ಹೌದು ಅಂದೆ.

ಮೇಷ್ಟ್ರು ಶಾಲೆಗೆ ರಾಜೀನಾಮೆ ಕೊಟ್ಟರು. "ಮೂವತ್ತು ವರ್ಷ ಭೂಮಿ ತಿರುಗ್ತಿದೆ ಅಂತ ಹೇಳಿದ್ದೇ ಆಯ್ತು, ನಾನೂ ಸ್ವಲ್ಪ ತಿರುಗ್ತೀನಿ" ಅಂತಾರೆ. ಅವರ ಹೆಂಡತಿ ನನಗೆ ಫೋನ್ ಮಾಡಿ, "ನಿಮ್ಮ ಲಿಫ್ಟ್ ನಂಬ್ಕೊಂಡು ಬಿಟ್ಟಿದಾರೆ ಕಣಪ್ಪಾ, ನೋಡ್ಕೊಳಿ" ಅಂದರು. ಮಾತು ನಗುತ್ತಲೇ ಹೇಳಿದರು.

ಚಿಕ್ಕಮ್ಮ ಕೇಳುತ್ತಾಳೆ, "ಏನೋ, ಬೆಳಗ್ಗೆ ಅಭ್ಯಾಸಕ್ಕೆ ಬರ್ತಾನೇ ಇಲ್ಲ?" ಅಂತ. "ಅಭ್ಯಾಸ ಮಾಡಿದ್ರೆ ತಪ್ಪು ಸರಿಹೋಗ್ಬಿಡುತ್ತೆ, ಆಮೇಲೆ ಊಟಕ್ಕೇನು?" ಅಂದೆ. ಅವಳು ನಗಲಿಲ್ಲ. ಅವಳಿಗೆ ಹಾಸ್ಯಪ್ರಜ್ಞೆ ಸ್ವಲ್ಪ ಕಡಿಮೆ.

ಊದಿ ಊದಿ ತುಟಿಯೇ ಊದಿಕೊಂಡಿದೆ. ಮುಲಾಮು ಹಚ್ಚುತ್ತಿದ್ದೇನೆ. ಕ್ಯಾಸೆಟ್ ಅಪ್ಪನ ಕೈಗೆ ಸಿಗದಂತೆ ನೋಡಿಕೋ.

ತಮ್ಮ


ಏಪ್ರಿಲ್ 9

ತಮ್ಮಾ,

ಕ್ಯಾಸೆಟ್ ಅಪ್ಪನ ಕೈಗೆ ಸಿಕ್ಕಿತು. ಬೆಸುಗೆ ಹಾಕುತ್ತಿದ್ದವಳಿಗೆ ಅಂಚೆಯವರ ಕರೆ ಕೇಳಿಸಲಿಲ್ಲ. ಅಪ್ಪನೇ ಬಿಚ್ಚಿ ಹಾಕಿದ್ದಾರೆ.

ಲಿಫ್ಟಿನ ಹಾಡನ್ನು ಮೂರು ಸಲ ಹಿಂದೆ ತಿರುಗಿಸಿ ಕೇಳಿದರು. ಮೂರು ಸಲವೂ, ಅದೇ ಆರನೇ ಮಹಡಿಯಲ್ಲಿ, ಬೆರಳನ್ನು ತಮ್ಮ ತುಟಿಯ ಮೇಲೆ ಇಟ್ಟುಕೊಂಡರು. ಕೊನೆಗೆ "ಇವನು ನಗಿಸ್ತಾ ಇಲ್ಲ" ಅಂದು ಎದ್ದು ಒಳಗೆ ಹೋದರು. ಊಟ ಮಾಡಲಿಲ್ಲ.

ನಿನಗೆ ಇದನ್ನು ಬರೆಯಲೇಬೇಕು: ಅವರಿಗೆ ಅವಮಾನವಾಗಿದೆ. ಆರು ವರ್ಷದವನಿದ್ದಾಗ ನಿನ್ನನ್ನು ಎದುರು ಕೂರಿಸಿಕೊಂಡು, ಒಂದು ಸ್ವರ ಒಡೆಯದಂತೆ ಹಿಡಿಯುವುದನ್ನು ಎರಡು ವರ್ಷ ಕಲಿಸಿದರು. ಆ ಸ್ವರವನ್ನು ನೀನು ಬೇಕೆಂದೇ ಒಡೆದು ಜನರನ್ನು ನಗಿಸುತ್ತೀಯ. ಮೊದಲ ಸಲ ಆಕಸ್ಮಿಕ, ಸರಿ. ದಿನಾ ಆಕಸ್ಮಿಕವಾಗುತ್ತಾ? ನೀನು ಕೀಟಲೆ ಮಾಡುತ್ತಿರುವುದು ಯಾರಿಗೆ ಅಂತ ಒಮ್ಮೆ ಯೋಚಿಸು. ಇನ್ನು ಇಂಥದ್ದು ಇಲ್ಲಿಗೆ ಕಳಿಸಬೇಡ.

ಅಕ್ಕ


ಮೇ 25

ಅಕ್ಕನಿಗೆ,

ತಡವಾಗಿ ಬರೆಯುತ್ತಿದ್ದೇನೆ. ಅಪ್ಪನಿಗೆ ಕ್ಷಮಿಸಬೇಕು ಅಂದೆ ಎಂದು ಹೇಳು.

ಜುಲೈ 14ಕ್ಕೆ ದೊಡ್ಡ ಬಯಲಿನಲ್ಲಿ ಕಾರ್ಯಕ್ರಮ. ಹನ್ನೆರಡು ಸಾವಿರ ಜನ, ರೇಡಿಯೋದಲ್ಲಿ ನೇರ ಪ್ರಸಾರ. ರೆಕಾರ್ಡ್ ಕಂಪನಿಯಿಂದ ಬಂದವರೊಬ್ಬರು ನಮ್ಮ ಅಭ್ಯಾಸದ ಕೋಣೆಯಲ್ಲಿ, ಇದ್ದೊಂದು ಕುರ್ಚಿಯಲ್ಲಿ ಕೂತು, "ಮೂರು ತಿಂಗಳಿಂದ ಲಿಫ್ಟ್ ಸಿಕ್ಕಾಕ್ಕೊಂಡಿದೆ. ಆವತ್ತು ಬಿಡಿಸಿ. ಮೊದ್ಲು ಆರರಲ್ಲಿ ನಿಲ್ಲಿ, ಜನ ನಗ್ಲಿ. ಆಮೇಲೆ ಒಂದೇ ಉಸಿರಲ್ಲಿ ಹತ್ತನೇ ಮಹಡಿ! ಬಾಗಿಲು ತೆಗೀತು! ಜನ ಅಳ್ತಾರೆ ರೀ" ಅಂದರು. ಅದು ಚೆನ್ನಾಗಿ ಬಂದರೆ ಒಪ್ಪಂದಕ್ಕೆ ಸಹಿ. ಮೈಕಾಸುರ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಮೇಷ್ಟ್ರ ಕಣ್ಣಲ್ಲಿ ನೀರು. "ನೀನು ಮನಸ್ಸು ಮಾಡಿದ್ರೆ ಹತ್ತೇನು, ಹನ್ನೆರಡೂ ಹತ್ತುತ್ತೀಯ" ಅಂದರು. ಎಲ್ಲರೂ ನಾನು ಇಷ್ಟು ದಿನ ಬೇಕೆಂದೇ ಹತ್ತದೆ ಇದ್ದೆ ಅಂದುಕೊಂಡಿದ್ದಾರೆ. ನೀನೂ.

ಟ್ರೊಂಬೋನನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ಹಾಕಿದ್ದೇನೆ. ಪೂರ್ತಿ ಬಿಚ್ಚಿ ನೋಡು. ಮೇಲಿನ ಸ್ವರ ಸಲೀಸಾಗಿ ಬರುವಂತೆ ಏನಾದರೂ ಮಾಡು. ಏನಾದರೂ. ಇಲ್ಲಿ ಸದ್ಯಕ್ಕೆ ಎರವಲು ವಾದ್ಯದಿಂದ ಕೆಲಸ ಸಾಗುತ್ತಿದೆ.

ನೆಗಡಿಗೆ ಅಂತ ಡಾಕ್ಟರ ಹತ್ತಿರ ಹೋಗಿದ್ದೆ. ವಿಶ್ರಾಂತಿ ತಗೋ ಅಂದರು. ಎಲ್ಲರಿಗೂ ಅದನ್ನೇ ಹೇಳುತ್ತಾರೆ.

ತಮ್ಮ


ಜೂನ್ 6

ತಮ್ಮಾ,

ಪಾರ್ಸೆಲ್ ಬಂತು. ಎರಡು ದಿನ ಬಿಚ್ಚಿ ನೋಡಿದೆ. ನಿನ್ನ ಟ್ರೊಂಬೋನಿಗೆ ಏನೂ ಆಗಿಲ್ಲ. ಕೊಳವೆ ನೇರ, ಬೆಸುಗೆ ಗಟ್ಟಿ, ಸ್ಲೈಡು ಬೆಣ್ಣೆಯ ಹಾಗೆ.

ಆದರೆ ಬಾಯಿಗಿಟ್ಟು ಊದುವ ಮೌತ್‌ಪೀಸ್ ಕೊಳವೆಯೊಳಗೆ ಹೂತುಹೋಗಿತ್ತು. ತೆಗೆಯಲು ಇಕ್ಕಳ ಬೇಕಾಯಿತು. ಅಷ್ಟು ಒತ್ತಿ ಯಾರೂ ಊದುವುದಿಲ್ಲ, ತುಟಿ ಕೈಕೊಟ್ಟವರನ್ನು ಬಿಟ್ಟು. ಅಂಚಿನ ಬೆಳ್ಳಿ ಎಡಗಡೆ ಪೂರ್ತಿ ಸವೆದು ಹಿತ್ತಾಳೆ ಕಾಣಿಸುತ್ತಿದೆ. ಆ ಅಂಚಿನಲ್ಲಿ ಒಂದು ಕಂದು ಕಲೆ. ತುಕ್ಕು ಅಂದುಕೊಂಡು ಒರೆಸುವ ಬಟ್ಟೆ ತಗೊಂಡೆ. ಬಟ್ಟೆ ಕೈಯಲ್ಲೇ ಉಳಿಯಿತು. ಹದಿನೈದು ವರ್ಷ ಈ ಕೆಲಸ ಮಾಡಿದ್ದೇನೆ ಕಣೋ. ಹಿತ್ತಾಳೆಗೆ ಹಿಡಿಯುವುದು ಹಸಿರು, ಕಂದಲ್ಲ.

ಅದು ರಕ್ತ.

ಏಪ್ರಿಲ್‌ನಲ್ಲಿ ಬರೆದದ್ದನ್ನು ಹರಿದು ಹಾಕು. "ಇವನು ನಗಿಸ್ತಾ ಇಲ್ಲ" ಅಂತ ಅಪ್ಪ ಅಂದದ್ದಕ್ಕೆ ನಾನು ಬೇರೆಯದೇ ಅರ್ಥ ಹಚ್ಚಿದೆ. ಅವರಿಗೆ ಕೇಳಿಸಿದ್ದು ನನಗೆ ಕೇಳಿಸಲಿಲ್ಲ.

ಡಾಕ್ಟರು ಏನಂದರು? ತಮಾಷೆ ಇಲ್ಲದೆ ಬರಿ.

ಅಕ್ಕ


ಜೂನ್ 15

ಅಕ್ಕಾ,

ತಮಾಷೆ ಇಲ್ಲದೆ ಬರೆಯುವುದು ಮರೆತುಹೋಗಿದೆ, ಪ್ರಯತ್ನಿಸುತ್ತೇನೆ.

ಮೇಲ್ದುಟಿಯ ಸ್ನಾಯು ಹರಿದಿದೆಯಂತೆ. ಆರು ತಿಂಗಳು ಊದಲೇಬಾರದು. ಅಷ್ಟು ಬಿಟ್ಟರೆ ಸರಿಹೋಗಬಹುದು, 'ಬಹುದು' ಅಂದರು. ಅದಕ್ಕೆ ಮುಂಚೆ ಒಂದು ದೊಡ್ಡ ಸ್ವರಕ್ಕೆ ಬಲ ಹಾಕಿದರೆ ಪೂರ್ತಿ ಕಿತ್ತುಹೋಗಬಹುದು. ಆ ದೊಡ್ಡ ಸ್ವರ ಜುಲೈ 14ರ ಸಂಜೆ ನಾಲ್ಕೂವರೆಗೆ ಇದೆ. ಪೋಸ್ಟರ್ ಅಚ್ಚಾಗಿದೆ: 'ಕೊನೆಗೂ ಹತ್ತನೇ ಮಹಡಿ!'

ಹೇಳಿಬಿಡು ಅನ್ನುತ್ತೀಯ. ಪ್ರಯತ್ನಿಸಿದೆ. ಬಸ್ಸಿನಲ್ಲಿ ಮೈಕಾಸುರನ ಪಕ್ಕ ಕೂತು, "ನನ್ನ ತುಟಿ ಮುಗೀತು ಕಣೋ" ಅಂದೆ. ಅವನು ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ. "ಚೆನ್ನಾಗಿದೆ, ಮುಂದೆ ಹೇಳು" ಅಂದ! ಸಂಜೆಗೆ ಅದು ಎರಡು ಚರಣದ ಹಾಡಾಗಿತ್ತು. ಮೇಷ್ಟ್ರಿಗೆ ಹೇಳಲೇ? ಬಿಟ್ಟುಬಂದ ಶಾಲೆಗೆ ಬೇರೆಯವರು ಬಂದಾಗಿದೆ. ಚಿಕ್ಕಮ್ಮನಿಗೆ ಹೇಳಲೇ? ಕಾರ್ಯಕ್ರಮದಲ್ಲಿ ನನ್ನ ಬಲಗಡೆ ಒಂದು ಗೇಣು ದೂರದಲ್ಲಿ ನಿಂತಿರುತ್ತಾಳೆ. ಅವಳ ಕಡೆ ತಿರುಗಿ ನೋಡುವುದನ್ನೇ ಬಿಟ್ಟಿದ್ದೇನೆ. ನೋಡಿದರೆ ಗೊತ್ತಾಗಿಬಿಡುತ್ತದೆ ಅಂತ ಭಯ.

ಈಗ ಎಲ್ಲಿ ಮೆಟ್ಟಿಲು ಹತ್ತಿದರೂ ಎಣಿಸುತ್ತೇನೆ. ಆರಕ್ಕೆ ಬಂದರೆ ಬಾಯಿ ಒಣಗುತ್ತದೆ. ಹಲ್ಲುಜ್ಜುವಾಗ ಕನ್ನಡಿಯಲ್ಲಿ ತುಟಿಯನ್ನು ನೋಡಿ, ಅದು ಬೇರೆ ಯಾರದೋ ಎನ್ನುವ ಹಾಗೆ ಮಾತಾಡಿಸುತ್ತೇನೆ. ಅದು ತುಟಿ ಪಿಟಕ್ಕೆನ್ನುವುದಿಲ್ಲ.

ಕ್ಷಮಿಸು, ಒಂದು ನುಸುಳಿತು.

ಟ್ರೊಂಬೋನ್ ಕಳಿಸು. ಊದುತ್ತೇನೆ. ಒಂದೇ ಒಂದು ಸ್ವರ ತಾನೇ.

ತಮ್ಮ


ಜೂನ್ 24

ತಮ್ಮಾ,

ಟ್ರೊಂಬೋನ್ ಇಂದಿನ ಬಸ್ಸಿಗೆ ಹಾಕಿದ್ದೇನೆ. ಕಳಿಸದೆ ಇಟ್ಟುಕೊಳ್ಳೋಣ ಎಂದು ನಾಲ್ಕು ದಿನ ಯೋಚಿಸಿದೆ. ಇಟ್ಟುಕೊಂಡರೂ ಎರವಲು ವಾದ್ಯಕ್ಕೆ ತುಟಿ ಕೊಟ್ಟು ಕೂರುವವನು ನೀನು. ಅದಕ್ಕಿಂತ ಒಂದು ಮಾತು ಹೇಳುತ್ತೇನೆ. ಹದಿನೈದು ವರ್ಷದಿಂದ ಮನೆಯಲ್ಲಿ ಯಾರಿಗೂ ಹೇಳದ ಮಾತು.

ನಾನು ಕೆಲಸ ಕಲಿಯಲು ಶುರುಮಾಡಿದ ವರ್ಷ. ಅಪ್ಪನಿಗೆ ಆಶ್ಚರ್ಯ ಮಾಡೋಣ ಅಂತ, ಅವರು ಡ್ಯೂಟಿಗೆ ಹೋಗದ ಒಂದು ಭಾನುವಾರ, ಮಲಗಿದ್ದಾಗ, ಅವರ ಕಾರ್ನೆಟ್ ಬಿಚ್ಚಿದೆ. ದಿನಾ ಊದುವ ವಾದ್ಯದೊಳಗೆ ಏನಿರುತ್ತದೆ ಅಂತ ನಿನಗೆ ಗೊತ್ತು: ಉಸಿರಿನ ನೀರು, ಲೋಳೆ, ಹಸಿರು. ಅಪ್ಪನದರಲ್ಲಿ ಹನಿ ತೇವ ಇರಲಿಲ್ಲ. ಉಸಿರು ಹೋಗುವ ಮೊದಲ ಕೊಳವೆಯಲ್ಲೇ ಜೇಡರ ಬಲೆ. ಹಳೆಯ ಬಲೆ, ಮೊಟ್ಟೆಯ ಚೀಲ ಸಮೇತ. ಹಿಂದಿನ ದಿನ ತಾನೇ ಬ್ಯಾಂಡಿನ ಕಾರ್ಯಕ್ರಮಕ್ಕೆ ಹೋಗಿ ಬಂದಿದ್ದರು. ನೀನೂ ನಾನೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೆವು.

ಬಲೆ ಕೀಳದೆ ಹಾಗೇ ಜೋಡಿಸಿ ಪೆಟ್ಟಿಗೆಗೆ ಇಟ್ಟೆ.

ಆಮೇಲೆ ನೋಡುತ್ತಾ ಬಂದೆ. ಕೆನ್ನೆ ಉಬ್ಬುತ್ತಿತ್ತು, ಬೆರಳು ಆಡುತ್ತಿತ್ತು, ಸ್ವರ ಮಾತ್ರ ಪಕ್ಕದವರದು. ಪಕ್ಕದವರು ಅಂದರೆ ನಾವು ಮಾಮ ಅಂತಿದ್ದೆವಲ್ಲ, ಭಾನುವಾರ ಬಂದು ನಿನ್ನ ಕಿವಿ ಹಿಂಡುತ್ತಿದ್ದವರು, ಅವರು. ಒಬ್ಬರೇ ಇಬ್ಬರ ಭಾಗ ಊದುತ್ತಿದ್ದರು. ಹೀಗೆ ಹನ್ನೊಂದು ವರ್ಷ. ಅಪ್ಪ ಬಾಯಿಬಿಟ್ಟು ಹೇಳಲಿಲ್ಲ, ಮಾಮ ಬಾಯಿಬಿಟ್ಟು ಕೇಳಲಿಲ್ಲ. ಮಾಮ ಆಸ್ಪತ್ರೆಯಲ್ಲಿದ್ದಾಗ ನಾನೇ ಧೈರ್ಯ ಮಾಡಿ ಕೇಳಿದೆ, ನಿಮಗೆ ಗೊತ್ತಿತ್ತಾ ಅಂತ. "ಪಕ್ಕದಲ್ಲಿ ನಿಂತು ಊದೋನಿಗೆ ಗೊತ್ತಾಗ್ದೆ ಇರುತ್ತೇನಮ್ಮಾ? ಅವನು ಹೇಳ್ಲಿ ಅಂತ ಕಾಯ್ತಾ ಇದ್ದೆ. ಹೇಳಿದ್ರೆ ಇಬ್ರೂ ಕೂತು ಸ್ವಲ್ಪ ನಗ್ಬಹುದಿತ್ತು" ಅಂದರು.

ಮಾಮ ತೀರಿಕೊಂಡ ತಿಂಗಳೇ ಅಪ್ಪ ನಿವೃತ್ತಿಗೆ ಅರ್ಜಿ ಹಾಕಿದ್ದು ಏಕೆಂದು ಈಗ ನಿನಗೂ ಅರ್ಥವಾಗಬಹುದು. ಅವರ ಸ್ವರ ಹೊರಟುಹೋಗಿತ್ತು.

ನಿನ್ನ ಚಿಕ್ಕಮ್ಮನಿಗೆ ಹಾಸ್ಯಪ್ರಜ್ಞೆ ಕಡಿಮೆ ಅಂತ ಮಾರ್ಚ್‌ನಲ್ಲಿ ನೀನು ಬರೆದಿದ್ದೆ. ಅವಳು ಯಾಕೆ ನಗಲಿಲ್ಲ ಅಂತ ಯೋಚಿಸು. ಹೇಳಿಬಿಡು.

ಅಕ್ಕ


ಜುಲೈ 15

ಅಕ್ಕಾ,

ಮೂರು ವಾರ ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಹೇಳಲಿಲ್ಲ. ನಿನ್ನೆ ವೇದಿಕೆ ಹತ್ತುವಾಗಲೂ ಹೇಳಿರಲಿಲ್ಲ. ಅಪ್ಪನ ಮಗ.

ಬಿಸಿಲು ಕಣ್ಣಿಗೆ ನೇರ ಹೊಡೆಯುತ್ತಿತ್ತು. ಐದು ಮಹಡಿ ಹೇಗೋ ಹತ್ತಿದೆ. ಆರಕ್ಕೆ ಹನ್ನೆರಡು ಸಾವಿರ ಜನ ಬೆರಳೆತ್ತಿದರು, ಎಮ್ಮೆ ಕೂಗಿತು, ನಗು ಬಂದು ಎದೆಗೆ ಹೊಡೆಯಿತು. ಮೈಕಾಸುರ ಕೈಯೆತ್ತಿದ. ಇಡೀ ಬಯಲು ಗಪ್‌ಚಿಪ್. "ಇವತ್ತು... ಹತ್ತನೇ ಮಹಡಿ!" ಅಂದ.

ಉಸಿರು ಎಳೆದುಕೊಂಡೆ. ಮೌತ್‌ಪೀಸ್ ತುಟಿಗೆ ತಾಗಿತು. ಆಗ ಆ ಜೇಡರ ಬಲೆ ನೆನಪಾಯಿತು, ಮೊಟ್ಟೆಯ ಚೀಲ ಸಮೇತ. ಟ್ರೊಂಬೋನ್ ಕೆಳಗಿಳಿಸಿ ಮೈಕಿಗೆ ಹೋದೆ.

"ಲಿಫ್ಟ್ ನಿಜವಾಗ್ಲೂ ಕೆಟ್ಟಿದೆ. ನನ್ನ ತುಟಿ ಹರಿದಿದೆ. ಫೆಬ್ರವರಿಯಿಂದ ನಾನು ತಮಾಷೆ ಮಾಡ್ತಾ ಇರ್ಲಿಲ್ಲ" ಅಂದೆ.

ನಕ್ಕರು, ಅಕ್ಕಾ. ಇಷ್ಟು ದಿನದಲ್ಲಿ ಅಷ್ಟು ನಗು ನಾನು ಕೇಳಿಲ್ಲ. "ಸತ್ಯವಾಗ್ಲೂ" ಅಂದೆ. ಇನ್ನೂ ಜೋರಾಗಿ ನಕ್ಕರು. ಮೈಕಾಸುರನೂ ನಕ್ಕ, ನಗುತ್ತಾ ನಗುತ್ತಾ ನನ್ನ ಮುಖ ನೋಡಿ ನಿಲ್ಲಿಸಿದ. ಅಷ್ಟು ಜನರ ಮಧ್ಯೆ ಅಷ್ಟು ಒಂಟಿಯಾಗಿ ನಾನು ಎಂದೂ ನಿಂತಿರಲಿಲ್ಲ.

ಆಗ ಬಲಗಡೆಯಿಂದ ಏಳನೇ ಮಹಡಿ ಬಂತು. ಟ್ರಂಪೆಟ್. ಚಿಕ್ಕಮ್ಮ ನನ್ನ ಕಡೆ ನೋಡಲೂ ಇಲ್ಲ, ಒಂದು ಹೆಜ್ಜೆ ಹತ್ತಿರ ಬಂದಳು, ಭುಜಕ್ಕೆ ಭುಜ ತಾಗುವಷ್ಟು. ಮೇಷ್ಟ್ರಿಗೆ ಅರ್ಧ ಕ್ಷಣ ಬೇಕಾಯಿತು, ಎಂಟನೆಯದನ್ನು ಹಿಡಿದರು. ಒಂಬತ್ತು ಇಬ್ಬರೂ. ಹತ್ತು ಅವಳೊಬ್ಬಳೇ, ಒಡೆಯದೆ, ಮೈಕಾಸುರ ಬಾಗಿಲು ತೆಗೆಯುವಷ್ಟು ಹೊತ್ತು. ನಾನು ಕೈ ಕೆಳಗೆ ಬಿಟ್ಟುಕೊಂಡು ನಿಂತಿದ್ದೆ. ಕೆನ್ನೆ ಉಬ್ಬಿಸಲಿಲ್ಲ.

ಇಳಿದ ಮೇಲೆ ಹೇಳಿದಳು: "ಎರಡನೇ ಹಾಡಲ್ಲಿ ನಿನ್ನ ಮೇಲಿನ ಸ್ವರಾನೆಲ್ಲ ಮಾರ್ಚಿಂದ ನಾನೇ ಊದ್ತಿದೀನಿ ಕತ್ತೆ. ನೀನಾಗೇ ಹೇಳ್ತೀಯ ಅಂತ ಕಾದೆ. ಇನ್ನೊಂದು ವಾರ ಆಗಿದ್ರೆ ನನ್ನ ತುಟೀನೂ ಹೋಗ್ತಿತ್ತು." ಆಮೇಲೆ ಅವಳು ನಕ್ಕಳು. ಅವಳಿಗೆ ಬರುತ್ತದೆ, ನಗು.

ಇಂದಿನ ಪತ್ರಿಕೆಯಲ್ಲಿ 'ಟ್ರೊಂಬೋನ್ ವಾದಕನ ಅಭಿನಯ ಮನೋಜ್ಞ' ಎಂದು ಬರೆದಿದ್ದಾರೆ. ಕಂಪನಿಯವರು ಇನ್ನೂ ಏನೂ ಹೇಳಿಲ್ಲ. ಮೇಷ್ಟ್ರು ಕಾಯುತ್ತಿದ್ದಾರೆ, ಫೋನ್ ಹೊಡೆದುಕೊಂಡಾಗಲೆಲ್ಲ ಏಳುತ್ತಾರೆ. ಬೆಳಗ್ಗೆ ತುಟಿ ಮುಟ್ಟಿಕೊಂಡೆ. ಎಡಗಡೆ ಇನ್ನೂ ಸ್ಪರ್ಶವಿಲ್ಲ. ಆರು ತಿಂಗಳು. ಆಮೇಲೂ 'ಬಹುದು' ಅಷ್ಟೆ.

ಮುಂದಿನ ಗುರುವಾರದ ಬಸ್ಸಿಗೆ ಬರುತ್ತೇನೆ. ಅಪ್ಪ ರೇಡಿಯೋ ಕೇಳಿದರಾ? ಹನ್ನೆರಡು ಸಾವಿರ ಜನಕ್ಕೆ ಹೆದರಲಿಲ್ಲ. ಅವರ ಮುಖ ನೋಡಲು ಹೆದರಿಕೆ.

ತಮ್ಮ


ಜುಲೈ 18

ತಮ್ಮಾ,

ಕೇಳಿದರು. ಕುರ್ಚಿಯನ್ನು ರೇಡಿಯೋ ಹತ್ತಿರ ಎಳೆದುಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ನೀನು "ತುಟಿ ಹರಿದಿದೆ" ಅಂದಾಗ ರೇಡಿಯೋ ಪೂರ್ತಿ ನಗು. ಇಲ್ಲಿ ಇಬ್ಬರೂ ನಗಲಿಲ್ಲ. ಟ್ರಂಪೆಟ್ ಹತ್ತನೇ ಮಹಡಿ ಮುಟ್ಟಿ ನಿಂತ ಮೇಲೆ ಅಪ್ಪ, "ಹೇಳ್ಬಿಟ್ಟನಲ್ಲ" ಅಂದರು. ರೇಡಿಯೋ ಆರಿಸಿ, "ಪಕ್ಕದವಳು ಯಾರು?" ಅಂತ ಕೇಳಿದರು. ಚಿಕ್ಕಮ್ಮ ಅಂದೆ. "ಯಾರ ಚಿಕ್ಕಮ್ಮ?" ಅಂದರು. ನನಗೆ ವಿವರಿಸಲು ಆಗಲಿಲ್ಲ. ಬಂದು ನೀನೇ ವಿವರಿಸು.

ನಾನು ಜೇಡರ ಬಲೆಯ ವಿಷಯ ಅವರಿಗೆ ಹೇಳಿಲ್ಲ. ಹೇಳುವ ಧೈರ್ಯ ನಿನಗೆ ಬಂದಷ್ಟು ಬೇಗ ನನಗೆ ಬರಲಿಲ್ಲ.

ನಿನ್ನೆ ಮಧ್ಯಾಹ್ನ ಬೆಸುಗೆಯ ತಂತಿ ತರಲು ಹೋಗಿ ಅರ್ಧ ಗಂಟೆಯಲ್ಲಿ ವಾಪಸ್ ಬಂದೆ. ಅಪ್ಪ ಕಿಟಕಿಯ ಹತ್ತಿರ ಪೇಪರು ಓದುತ್ತಿದ್ದರು, ತಲೆಕೆಳಗಾಗೇನೂ ಅಲ್ಲ, ಆದರೆ ಮೊನ್ನೆಯ ಪೇಪರು. ಕಾರ್ನೆಟ್ ಪೆಟ್ಟಿಗೆ ಅದರ ಜಾಗದಲ್ಲೇ ಇತ್ತು. ಒಂದು ಕೊಂಡಿ ಹಾಕಿರಲಿಲ್ಲ. ಅದರ ಮುಂದೆ, ಬೆಂಚಿನ ಮರದ ಮೇಲೆ, ನೀರು ಬಿಡುವ ಕೀಲಿ ಬರುವ ಕಡೆ, ಅಂಗಿಯ ಗುಂಡಿಯಷ್ಟು ಅಗಲದ ಒದ್ದೆ ಕಲೆ.

ಬಟ್ಟೆ ನನ್ನ ಹೆಗಲ ಮೇಲೇ ಇತ್ತು. ನಾನು ಒರೆಸಲಿಲ್ಲ.

ಅಕ್ಕ